ತಿರುವಿನಲ್ಲಿ ನಿಲ್ಲುವವಳು

ನವೆಂಬರ್ ೪, ಸೋಮವಾರ

ಇಂದು ನಡೆದದ್ದನ್ನು ಮನೆಯಲ್ಲಿ ಹೇಳಲಾರೆ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೆಂಕಿ ಬಿದ್ದರೆ ಹೊರಬರುವ ಅಭ್ಯಾಸಕ್ಕೆಂದು ನಮ್ಮ ಶಾಲೆಯಲ್ಲಿ ಫೈರ್ ಡ್ರಿಲ್ ಎಂಬ ಒಂದು ಕ್ರಮವಿದೆ. ಗಂಟೆ ನಿಲ್ಲದೆ ಬಾರಿಸತೊಡಗಿದರೆ ಬ್ಯಾಗುಗಳನ್ನು ಬಿಟ್ಟು ಸಾಲಾಗಿ ಇಳಿದು ಮೈದಾನ ಸೇರಬೇಕು. ಚಿಕ್ಕ ತರಗತಿಗಳು ಎರಡನೆಯ ಮಹಡಿಯಲ್ಲಿವೆ. ಹೈಸ್ಕೂಲಿನವರಾದ ನಾವು ಮೊದಲನೆಯ ಮಹಡಿಯಲ್ಲಿದ್ದೇವೆ. ಕೆಳಗಿನ ಕೋಣೆಗಳನ್ನೆಲ್ಲ ಆಫೀಸಿಗೂ ಕಂಪ್ಯೂಟರ್ ಲ್ಯಾಬಿಗೂ ಬಿಟ್ಟುಕೊಟ್ಟು, ನೆಟ್ಟಗೆ ಷೂ ಲೇಸು ಕಟ್ಟಲು ಬಾರದ ಮಕ್ಕಳನ್ನು ಎಲ್ಲರಿಗಿಂತ ಮೇಲೆ ಕೂರಿಸಿದ ಬುದ್ಧಿ ಯಾರದೆಂದು ತಿಳಿಯದು. ಡ್ರಿಲ್ಲಿನಲ್ಲಿ ಆ ಚಿಕ್ಕವರೇ ಮೊದಲು ಇಳಿಯಬೇಕು. ಅದಕ್ಕಾಗಿ ಮೊದಲನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಹತ್ತನೆಯ ತರಗತಿಯ ಒಬ್ಬರನ್ನು ನಿಲ್ಲಿಸುತ್ತಾರೆ. ಅವರು ಕೈ ಚಾಚಿ ನಮ್ಮವರನ್ನು ತಡೆಯಬೇಕು, ಚಿಕ್ಕವರನ್ನು ಮುಂದೆ ಕಳಿಸಬೇಕು, ಎಲ್ಲರೂ ಇಳಿದ ಮೇಲೆ ತಾವು ಇಳಿಯಬೇಕು. ಈ ವರ್ಷ ಆ ಕೆಲಸ ನನ್ನದು. "ನೀನು ಉದ್ದ ಇದೀಯ, ದೂರಕ್ಕೂ ಕಾಣಿಸ್ತೀಯ" ಎಂದು ಪಿ.ಟಿ. ಸರ್ ನನ್ನನ್ನು ಆರಿಸಿದ್ದರು. ನನ್ನ ಉದ್ದದಿಂದ ಈವರೆಗೆ ಆಗಿರುವ ಉಪಯೋಗ ಇದೊಂದೇ.

ಎರಡನೆಯ ಪಿರಿಯಡ್ಡಿನಲ್ಲಿ ಗಂಟೆ ಬಾರಿಸಿತು. ಹೋಗಿ ತಿರುವಿನಲ್ಲಿ ನಿಂತೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಮೇಲಿನಿಂದ ಸದ್ದು ಬಂತು. ಮಕ್ಕಳು ಕಾಣಿಸುವ ಮೊದಲೇ ಅವರ ಕಾಲುಗಳ ಸದ್ದು ಕೇಳಿಸುತ್ತದೆ. ಗೋಡೆಯ ಒಳಗೆ ಏನೋ ಉರುಳಿ ಬರುತ್ತಿರುವಂತೆ. ಬೆನ್ನ ಹಿಂದೆ ನಮ್ಮ ತರಗತಿಯವರು ನೂಕುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಯಾವುದೋ ಹಿಡಿ ಸಡಿಲಿದಂತಾಯಿತು. ಅದರ ಮುಂದಿನದು ನೆನಪಿಲ್ಲ. ನೆನಪಿರುವುದು ಮೈದಾನದ ಬಿಸಿಲು ಮಾತ್ರ. ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಬಂದವಳು ನಾನು.

ತಡೆಯುವವರಿಲ್ಲದೆ ಮೇಲಿನವರೂ ನಮ್ಮವರೂ ಒಟ್ಟಿಗೆ ಮೆಟ್ಟಿಲಿಗೆ ನುಗ್ಗಿದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬಿದ್ದಳು. ಗಲ್ಲಕ್ಕೆ ಹೊಲಿಗೆ ಹಾಕಿದ್ದಾರೆ.

"ಏನೇ, ರಾಕೆಟ್ ಥರ ಹೋದೆಯಲ್ಲ" ಎಂದಳು ಗುಬ್ಬಿ. ನನ್ನ ಬೆಂಚಿನಲ್ಲಿ ಕೂರುವ ಗೆಳತಿ ಅವಳು. ಗಾತ್ರದಲ್ಲಿ ಚಿಕ್ಕವಳಾದ್ದರಿಂದ ಅವಳಿಗೆ ಆ ಹೆಸರು. ಕೊನೆಯ ಪಿರಿಯಡ್ಡಿನ ಹೊತ್ತಿಗೆ ಇಡೀ ತರಗತಿ ನನ್ನನ್ನು ರಾಕೆಟ್ ಎಂದು ಕರೆಯುತ್ತಿತ್ತು.

ನವೆಂಬರ್ ೫, ಮಂಗಳವಾರ

ಪಿ.ಟಿ. ಸರ್ ಬಳಿಗೆ ಹೋದೆ. ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು.

"ಸರ್, ಆ ಜಾಗಕ್ಕೆ ಬೇರೆ ಯಾರನ್ನಾದರೂ ಹಾಕಿ."

"ಯಾಕೆ? ಕೆಡಿಸಿದೋಳು ನೀನು, ಸರಿಮಾಡೋಕೆ ಬೇರೆಯವರು ಬೇಕಾ?"

"ನನ್ನ ಕೈಲಾಗಲ್ಲ ಸರ್."

"ಅದರಲ್ಲಿ ಕೈಗೇನು ಕೆಲಸ? ನಿಂತ್ಕೊಳ್ಳೋದು, ಅಷ್ಟೇ. ಇನ್ನೊಂದು ಡ್ರಿಲ್ ಇದೆ. ಯಾವತ್ತು ಅಂತ ಹೇಳಲ್ಲ. ಹೇಳಿದ್ರೆ ಅದು ಡ್ರಿಲ್ ಆಗಲ್ಲ, ನಾಟಕ ಆಗುತ್ತೆ. ನೀನೇ ನಿಲ್ತೀಯ."

ಅಂದರೆ ಇನ್ನು ಮುಂದೆ ಪ್ರತಿಯೊಂದು ಗಂಟೆಯೂ ಆ ಗಂಟೆಯಾಗಿರಬಹುದು. ಪಿರಿಯಡ್ ಮುಗಿದಾಗ ಬಾರಿಸುವುದು ಒಂದೇ ಸಲ. ಆದರೆ ಆ ಒಂದು ಸಲ ನಿಲ್ಲುವವರೆಗೆ, ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಇಲ್ಲ. ಇಂದು ಪ್ರತಿ ಗಂಟೆಗೂ ಬೆಂಚಿನ ಅಂಚನ್ನು ಹಿಡಿದುಕೊಂಡೆ.

ನವೆಂಬರ್ ೧೦, ಭಾನುವಾರ

ಮಧ್ಯಾಹ್ನ ಮಾಮನ ಜೊತೆ ಸೂಪರ್‌ಹೀರೋ ಸಿನಿಮಾ ನೋಡಿದೆ. ಮಾಮ ಎಂದರೆ ಅಮ್ಮನ ತಮ್ಮ. ಔಷಧಿ ಅಂಗಡಿಯಲ್ಲಿ ಕೆಲಸ, ನಮ್ಮ ಮನೆಯಲ್ಲಿಯೇ ವಾಸ. ಭಾನುವಾರ ಅವನಿಗೆ ಅರ್ಧ ದಿನ ರಜೆ. ಹಾಲಿನ ಸೋಫಾದಲ್ಲಿ ಅವನು, ನೆಲದ ಮೇಲೆ ನಾನು, ನಡುವೆ ಮೂರನೆಯ ತರಗತಿಯ ನನ್ನ ತಂಗಿ. ಇದು ಕೆಲವು ವರ್ಷಗಳಿಂದ ನಡೆದುಬಂದ ಪದ್ಧತಿ.

ಮೊದಲೆಲ್ಲ ನಾನು ನೋಡುತ್ತಿದ್ದುದು ಹೀರೋವನ್ನು. ಈಗ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಕಟ್ಟಡ ಕುಸಿಯುವಾಗ ಕೆಳಗೆ ಓಡುವ ಜನರಿದ್ದಾರಲ್ಲ, ಅವರನ್ನು ನೋಡುತ್ತಿದ್ದೇನೆ. ಅವರಲ್ಲಿ ಒಬ್ಬರಾದರೂ ಎಡವುವುದಿಲ್ಲ. ಚಿಕ್ಕ ಮಕ್ಕಳು ಯಾರ ಕಾಲಿಗೂ ಸಿಗುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಮೊದಲೇ ಮಾತನಾಡಿಕೊಂಡವರಂತೆ ಓಡುತ್ತಾರೆ.

"ಮಾಮ, ಸ್ವಲ್ಪ ನಿಲ್ಸು. ಆ ಹಸಿರು ಅಂಗಿಯವನು ಆಗಲೇ ಓಡಿಹೋದನಲ್ಲ, ಮತ್ತೆ ಎಲ್ಲಿಂದ ಬಂದ?"

ಮಾಮ ಹಿಂದೆ ಸರಿಸಿ ನೋಡಿದ. ನಿಜ, ಅದೇ ಮನುಷ್ಯ.

"ಚಪ್ಪಲಿ ಬಿಟ್ಟು ಹೋಗಿದ್ದ ಅನ್ಸುತ್ತೆ, ಪಾಪ. ಹೊಸದಿರಬೇಕು" ಎಂದ ಮಾಮ.

ತಂಗಿ ನಕ್ಕು ನಕ್ಕು ಸೋಫಾದಿಂದ ಜಾರಿದಳು. ನಾನೂ ನಕ್ಕೆ. ಆದರೆ ಸಿನಿಮಾ ಮುಗಿಯುವ ಹೊತ್ತಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಸೂಪರ್‌ಹೀರೋಗಳ ಲೋಕದಲ್ಲಿ ಮೆಟ್ಟಿಲಿಗೆ ಕೆಲಸವಿಲ್ಲ. ಅವರು ಕಿಟಕಿಯಿಂದ ಬರುತ್ತಾರೆ, ಚಾವಣಿಯಿಂದ ಹೋಗುತ್ತಾರೆ. ಅವರಿಗೂ ಭಯವಾಗುತ್ತದೆ, ಇಲ್ಲವೆಂದಲ್ಲ; ಆದರೆ ಅದು ಮಧ್ಯಂತರದವರೆಗೆ ಮಾತ್ರ. ಅಲ್ಲಿಂದ ಮುಂದೆ ಭಯವೆಂಬುದು ಅವರ ವಿಳಾಸವನ್ನೇ ಮರೆತುಬಿಡುತ್ತದೆ. ಯಾವುದಾದರೂ ಅಪಘಾತವಾದರೆ ಅವರಿಗೆ ಶಕ್ತಿ ಬರುತ್ತದೆ. ನನಗೆ ಬಂದದ್ದು ಅಡ್ಡಹೆಸರು.

ನಾಳೆ ಶಾಲೆಯಿದೆ ಎಂಬುದು ನೆನಪಾಗಿ ಊಟ ಸೇರಲಿಲ್ಲ.

ನವೆಂಬರ್ ೧೩, ಬುಧವಾರ

ಗಣಿತದ ಕಿರುಪರೀಕ್ಷೆ. ನಡುವೆ ಗಂಟೆ ಹೊಡೆಯಿತು. ಪೆನ್ಸಿಲ್ ಮುರಿಯಿತು. ಒಂದೇ ಸಲ ಹೊಡೆದು ನಿಂತಿತು. ಮುಂದಿನ ಲೆಕ್ಕ ಏನು ಕೇಳಿತ್ತೆಂದು ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಆಟದ ಪಿರಿಯಡ್ಡನ್ನೂ ಗಣಿತದ ಸರ್ ತೆಗೆದುಕೊಂಡರು. "ಹತ್ತನೇ ಕ್ಲಾಸಿನೋರಿಗೆ ಆಟ ಎಂಥದು" ಎಂಬುದು ಅವರ ಮಾತು. ಲೈಬ್ರರಿಗೆ ಹೋದರೂ ಇದೇ ಮಾತು, ಸ್ವಲ್ಪ ಬದಲಾಯಿಸಿ. ನಮ್ಮನ್ನು ಮನುಷ್ಯರೆಂದು ಕರೆಯುವುದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕೇನೋ.

ನವೆಂಬರ್ ೧೪, ಗುರುವಾರ

ತಂಗಿಗೆ ಊಟದ ಡಬ್ಬಿ ಕೊಡಲು ಎರಡನೆಯ ಮಹಡಿಗೆ ಹೋಗಿದ್ದೆ. ಗೋಡೆಗೆ ಅಂಟಿಸಿರುವ ನಕ್ಷೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಚಿಕ್ಕ ತರಗತಿಗಳಲ್ಲಿ ಅರ್ಧದಷ್ಟು ಹಿಂದಿನ ಮೆಟ್ಟಿಲಿನಿಂದ ಇಳಿಯಬೇಕೆಂದು ಕೆಂಪು ಬಾಣ ತೋರಿಸುತ್ತದೆ. ಬಾಣದ ಜಾಡಿನಲ್ಲಿಯೇ ನಡೆದೆ. ಅದರ ತುದಿಯಲ್ಲಿ ಕಬ್ಬಿಣದ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು.

ಇದು ನಮ್ಮ ತರಗತಿಯ ನಾಲ್ವರು ಹುಡುಗರ ಸಾಧನೆ. ಕಳೆದ ತಿಂಗಳು ಹೊಸ ಸೂಪರ್‌ಹೀರೋ ಸಿನಿಮಾದ ಮಧ್ಯಾಹ್ನದ ಆಟಕ್ಕೆಂದು ಆ ದಾರಿಯಲ್ಲಿಯೇ ಅವರು ನುಸುಳಿದ್ದರು. ಅಂದಿನಿಂದ ಪಿ.ಟಿ. ಸರ್ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಹಾಗಾಗಿ ಎರಡು ಮೆಟ್ಟಿಲುಗಳ ಮಕ್ಕಳೆಲ್ಲ ನನ್ನ ತಿರುವಿಗೇ ಬರುತ್ತಾರೆ.

ಪಿ.ಟಿ. ಸರ್ ಅವರನ್ನು ಕೇಳಿದೆ. "ಡ್ರಿಲ್ ದಿನ ತೆಗೀತೀವಿ" ಎಂದರು. ಕಳೆದ ಡ್ರಿಲ್ಲಿನ ದಿನ ತೆಗೆದಿರಲಿಲ್ಲವೆಂದೂ, ನಿಜವಾದ ಬೆಂಕಿ ಮೊದಲೇ ತಿಳಿಸಿ ಬರುವುದಿಲ್ಲವೆಂದೂ ಹೇಳಬೇಕಿತ್ತು. ವಾಕ್ಯವೆಲ್ಲ ಸಿದ್ಧವಾಗಿತ್ತು. ಬಾಯಿಂದ ಹೊರಟದ್ದು "ಸರಿ ಸರ್" ಎಂಬುದು ಮಾತ್ರ.

ತಂಗಿಯ ತರಗತಿ ಇರುವುದು ಆ ಬಾಗಿಲಿನ ಪಕ್ಕದಲ್ಲಿ.

ನವೆಂಬರ್ ೧೮, ಸೋಮವಾರ

ಹೆಡ್‌ಮಿಸ್ ಅವರ ಕೋಣೆಯ ಹೊರಗೆ ನಿಂತಿದ್ದೆ. ಸುಮ್ಮನೆ ಮರಳಿ ಹೋಗಬೇಕೆಂದು ಎರಡು ಸಲ ತಿರುಗಿದೆ. ಎರಡನೆಯ ಸಲ ತಿರುಗಿದಾಗ ಅವರೇ ಬಾಗಿಲು ತೆರೆದರು.

"ಏನಮ್ಮಾ, ಬರ್ತೀಯೋ ಹೋಗ್ತೀಯೋ?"

ಹೇಳಿದೆ. ಹೇಗೆ ಹೇಳಿದೆನೋ ತಿಳಿಯದು. ಕ್ರಿಯಾಪದವೆಲ್ಲೋ ಕರ್ತೃಪದವೆಲ್ಲೋ. ಬೀಗ, ನಕ್ಷೆ, ಮೂರನೆಯ ತರಗತಿ, ಗಲ್ಲದ ಹೊಲಿಗೆ, ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವತ್ತು ಓಡಿಹೋದೋಳು ನೀನೇ ಅಲ್ವಾ?"

"ಹೌದು ಮಿಸ್."

"ಸರಿ. ಹೋಗು, ನೋಡ್ತೀನಿ."

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಹೋಗಬಾರದಿತ್ತು.

ನವೆಂಬರ್ ೧೯, ಮಂಗಳವಾರ

ಬೀಗ ಹೋಗಿದೆ. ಅದರ ಜಾಗದಲ್ಲಿ ಬರಿಯ ಚಿಲಕವಿದೆ. ಪಿ.ಟಿ. ಸರ್ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಬಳಿ ನಿಂತು, "ದೂರು ಹೇಳೋಕೆ ಬರುತ್ತೆ, ನಿಲ್ಲೋಕೆ ಬರಲ್ಲ" ಎಂದರು. ಅವರ ಮಾತು ಸರಿಯಾಗಿಯೇ ಇದೆ.

ನವೆಂಬರ್ ೨೨, ಶುಕ್ರವಾರ

ಸದ್ದಿಗೆ ಹೆದರುವುದಾದರೆ ಸದ್ದನ್ನೇ ರೂಢಿ ಮಾಡಿಕೊಳ್ಳಬೇಕೆಂದು ತೋಚಿತು. ಸಂಜೆ ನಮ್ಮ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ನಿಂತು, ಮೇಲಿನಿಂದ ಜೋರಾಗಿ ಇಳಿದು ಬಾ ಎಂದು ತಂಗಿಗೆ ಹೇಳಿದೆ. ಒಬ್ಬಳ ಸದ್ದು ಸಾಲದೆಂದು ಅವಳು ಕಟ್ಟಡದ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಬಂದಳು. ಇಂಥ ಆಟಕ್ಕೆ ಅವರನ್ನು ಕರೆಯುವುದೇ ತಡ.

ಮೊದಲ ಸಲ ಕಣ್ಣು ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡೆ. ಎರಡನೆಯ ಸಲ "ನಿಧಾನ, ನಿಧಾನ" ಎಂದು ಕೂಗಿದೆ. ವಿಚಿತ್ರವೆಂದರೆ ಕೂಗಿದಷ್ಟೂ ಅವರ ಓಟ ಹೆಚ್ಚಾಯಿತು. ಆಮೇಲೆ ಮೆಲ್ಲಗೆ, "ಬಲಗೈ ಕಂಬಿ ಮೇಲೆ, ಎಡಗೈ ಮುಂದಿನವರ ಭುಜದ ಮೇಲೆ" ಎಂದೆ. ಕೈಗೆ ಕೆಲಸ ಸಿಕ್ಕಿದ ಕೂಡಲೇ ಕಾಲು ತಾನಾಗಿ ನಿಧಾನವಾಯಿತು.

ಕೆಳಗಿನ ಮನೆಯ ಆಂಟಿ ಬಾಗಿಲು ತೆರೆದು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತರು.

"ಏನಮ್ಮಾ ಇದು, ಕಟ್ಟಡ ಬೀಳಿಸ್ಬೇಕು ಅಂತಿದೀರಾ?"

"ಬೀಳದಿರೋ ಥರ ಇಳಿಯೋದನ್ನ ಕಲೀತಿದೀವಿ ಆಂಟಿ" ಎಂದಳು ತಂಗಿ.

"ಕಲಿತಾಯ್ತಲ್ಲ, ಇನ್ನು ಮನೆಗೆ ಹೋಗಿ."

ಮಕ್ಕಳು ನಾಳೆಯೂ ಆಡೋಣವೆಂದು ಬೇಡಿದರು. ನನಗೆ ಅಂಗೈ ಇನ್ನೂ ಬೆವರುತ್ತಿತ್ತು. ಅಭ್ಯಾಸದಿಂದ ಭಯ ಹೋಗುತ್ತದೆ ಎಂಬುದು ಸುಳ್ಳು.

ನವೆಂಬರ್ ೨೪, ಭಾನುವಾರ

ಇಂದಿನ ಸಿನಿಮಾದಲ್ಲಿ ಒಬ್ಬ ಹೀರೋಯಿನ್ನು. ಕೈ ಎತ್ತಿದರೆ ಬೀಳುವ ಸೇತುವೆ ಗಾಳಿಯಲ್ಲಿ ನಿಲ್ಲುತ್ತದೆ. ಮಾಮನಿಗೆ ಬಹಳ ಹಿಡಿಸಿತು. ನಾನು ಅರ್ಧಕ್ಕೆ ಎದ್ದು ಹೋಗಿ ಬಟ್ಟೆ ಮಡಿಸಿದೆ.

"ಏನೇ, ಹುಷಾರಿಲ್ವಾ? ಸಿನಿಮಾ ಬಿಟ್ಟು ಬಟ್ಟೆ ಮಡಿಸ್ತಿದೀಯ" ಎಂದಳು ಅಮ್ಮ. ಹಣೆ ಮುಟ್ಟಿ ನೋಡಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮನಿಗೆ ಎಲ್ಲ ಕಾಯಿಲೆಯೂ ಹಣೆಯಿಂದಲೇ ಆರಂಭವಾಗುತ್ತದೆ.

"ಅವಳು ಸುಮ್ನೆ ಕೈ ಎತ್ತಿದ್ರೆ ಎಲ್ಲ ನಿಂತೋಗುತ್ತಮ್ಮ" ಎಂದೆ.

"ಅದಕ್ಕೇ ಅಲ್ವೇನೇ ಅದು ಸಿನಿಮಾ" ಎಂದು ಅಮ್ಮ ದಿಂಬಿನ ಕವರು ಝಾಡಿಸಿದಳು.

ನವೆಂಬರ್ ೨೭, ಬುಧವಾರ

ಅಕ್ಷರ ಕೆಟ್ಟರೂ ಇಂದೇ ಬರೆದುಬಿಡುತ್ತೇನೆ.

ಊಟದ ಬಿಡುವಿನ ನಂತರ, ವಿಜ್ಞಾನದ ಪಿರಿಯಡ್ಡಿನಲ್ಲಿ, ಗಂಟೆ ಬಾರಿಸಿತು, ನಿಲ್ಲಲಿಲ್ಲ. ಗುಬ್ಬಿ ನನ್ನ ಮುಖ ನೋಡಿದಳು. ಡ್ರಿಲ್ ಎಂದುಕೊಂಡೇ ಎದ್ದೆ. ಕಾರಿಡಾರಿಗೆ ಬಂದಾಗ ವಾಸನೆ ಮೂಗಿಗೆ ಬಡಿಯಿತು. ಪ್ಲಾಸ್ಟಿಕ್ ಸುಡುವ ವಾಸನೆ. ಕಂಪ್ಯೂಟರ್ ಲ್ಯಾಬಿನ ವಿದ್ಯುತ್ ಪೆಟ್ಟಿಗೆ ಹೊತ್ತಿಕೊಂಡಿತ್ತೆಂಬುದು ಆಮೇಲೆ ತಿಳಿಯಿತು. ಆ ಪೆಟ್ಟಿಗೆ ಇರುವುದು ಹಿಂದಿನ ಮೆಟ್ಟಿಲಿನ ಬುಡದಲ್ಲಿ. ಅಂದರೆ ನಾನು ಹೆಡ್‌ಮಿಸ್ ಬಳಿ ಹೋಗಿ ತೆಗೆಸಿದ ಬಾಗಿಲಿನೊಳಗೆ ಹೊಗೆಯೇ ತುಂಬಿತ್ತು. ಆ ದಾರಿ ಹಿಡಿದ ಚಿಕ್ಕವರು ಕೆಮ್ಮುತ್ತ ಹಿಂದಿರುಗಿ, ಉಳಿದವರ ಜೊತೆ ಸೇರಿಕೊಂಡು, ಎಲ್ಲರೂ ನನ್ನ ಮೆಟ್ಟಿಲಿಗೆ ಬರುತ್ತಿದ್ದರು.

ಈಗ ಓಡುತ್ತೇನೆ ಎಂದುಕೊಂಡೆ. ಇದರಲ್ಲಿ ಸಂದೇಹವಿರಲಿಲ್ಲ, ನನ್ನನ್ನು ನಾನು ಬಲ್ಲೆ. ಮೇಲಿನಿಂದ ಆ ಸದ್ದು ಬಂತು. ಹೊಟ್ಟೆಯಲ್ಲಿ ಅದೇ ಹಿಡಿ ಸಡಿಲಿತು. ಆದರೆ ಕಾಲು ಅಲುಗಲಿಲ್ಲ. ಮರಗಟ್ಟಿತ್ತು. ಓಡಲಾಗದೆ ನಿಂತೆ, ಇದಕ್ಕೆ ಬೇರೆ ಹೆಸರು ಕೊಡುವುದು ತಪ್ಪಾಗುತ್ತದೆ.

ಬೆನ್ನಿಗೆ ನಮ್ಮ ತರಗತಿಯವರ ಮೊಣಕೈಗಳು ಚುಚ್ಚುತ್ತಿದ್ದವು. ಕಳೆದ ತಿಂಗಳು ಸಿನಿಮಾಕ್ಕೆ ನುಸುಳಿದವರಲ್ಲಿ ಎಲ್ಲರಿಗಿಂತ ದಪ್ಪಗಿರುವವನು, "ಪಕ್ಕಕ್ಕೆ ಸರಿಯೇ ರಾಕೆಟ್, ಇದು ಡ್ರಿಲ್ ಅಲ್ಲ, ನಿಜ" ಎಂದು ನನ್ನ ತೋಳನ್ನು ತಳ್ಳಿದ.

"ಗೊತ್ತು. ಇನ್ನೂ ಚಿಕ್ಕವರು ಬಂದಿಲ್ಲ."

"ಹೊಗೆ ಕಾಣಿಸ್ತಿಲ್ವಾ ನಿಂಗೆ?"

"ಕಾಣಿಸ್ತಿದೆ. ಈ ಕಡೆ ಗೋಡೆ ಹತ್ರ ನಿಂತ್ಕೋ. ನಿನ್ನ ಹಿಂದಿನೋರನ್ನ ಹಿಡ್ಕೋ."

ಏಕೋ ಅವನು ನಿಂತ. ಅಷ್ಟು ದಪ್ಪಗಿರುವವನು ನಿಂತರೆ ಅವನ ಹಿಂದಿನವರೆಲ್ಲ ನಿಲ್ಲಲೇಬೇಕು.

ಚಿಕ್ಕವರು ತಿರುವಿಗೆ ಬಂದರು. ಮುಂದಿದ್ದವಳೊಬ್ಬಳು ಅಳುತ್ತ ನೆಗೆಯಲಿದ್ದಳು. "ಬಲಗೈ ಕಂಬಿ ಮೇಲೆ, ಎಡಗೈ ಮುಂದಿನವರ ಭುಜದ ಮೇಲೆ" ಎಂದೆ. ನನ್ನ ದನಿ ನನಗೇ ಕೇಳುವಂತಿರಲಿಲ್ಲ. ಜೋರಾಗಿ ಹೇಳಲು ಶಕ್ತಿಯೂ ಇರಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ. ಮೂರನೆಯ ತರಗತಿಯ ಸಾಲಿನಲ್ಲಿ ತಂಗಿ ಬಂದಳು. ಅವಳು ನನ್ನನ್ನು ನೋಡಲಿಲ್ಲ, ಮುಂದಿನವಳ ಭುಜವನ್ನು ನೋಡುತ್ತಿದ್ದಳು. ಅವಳ ಜೊತೆ ಇಳಿದುಹೋಗುವ ಆಸೆ ಎಷ್ಟಿತ್ತೆಂದರೆ, ಕಂಬಿ ಹಿಡಿದಿದ್ದ ಎಡಗೈ ಸಡಿಲದಂತೆ ಅದನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡೆ.

ಚಿಕ್ಕವರೆಲ್ಲ ಇಳಿದ ಮೇಲೆ ನಮ್ಮವರನ್ನು ಬಿಟ್ಟೆ. ಯಾರೂ ಬೀಳಲಿಲ್ಲ. ಆಗ ಮೇಲಿನಿಂದ ಅಳುವ ದನಿ ಕೇಳಿಸಿತು; ಟಾಯ್ಲೆಟ್ಟಿನಲ್ಲಿ ಒಬ್ಬಳು ಉಳಿದಿದ್ದಳು, ಹತ್ತಿ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಮೈದಾನಕ್ಕೆ ಬಂದ ಕೂಡಲೇ ಗೋಡೆಯ ಬದಿಗೆ ಹೋಗಿ ವಾಂತಿ ಮಾಡಿದೆ. ಎಲ್ಲರೂ ನೋಡಿದರು. ಪಿ.ಟಿ. ಸರ್ ಕುಡಿಯುವ ನೀರಿನ ಬಾಟಲಿ ಹಿಡಿದು ಬಂದು, ಮುಚ್ಚಳ ತೆಗೆದುಕೊಟ್ಟರು. ಆ ಮುಚ್ಚಳವನ್ನು ಮರೆತು ತಮ್ಮ ಜೇಬಿಗೇ ಹಾಕಿಕೊಂಡರು.

ವಾಂತಿ ಮಾಡಿದ್ದು ನಾಳೆ ಶಾಲೆಯೆಲ್ಲ ಮಾತಾಗುತ್ತದೆ. ಅದನ್ನು ನೆನೆದರೆ ಹೋಗುವುದೇ ಬೇಡವೆನಿಸುತ್ತದೆ.

ನವೆಂಬರ್ ೨೮, ಗುರುವಾರ

ಶಾಲೆಗೆ ರಜೆ. ವಿದ್ಯುತ್ ಕೆಲಸದವರು ಬಂದಿದ್ದಾರೆ.

ಊಟದ ಹೊತ್ತಿನಲ್ಲಿ ಮಾಮ ನನ್ನನ್ನು ಹೊಗಳಲು ಹೊರಟ. ಹಾಗೇನೂ ಅಲ್ಲ, ಕಾಲು ಮರಗಟ್ಟಿದ್ದರಿಂದ ನಿಂತೆ ಎಂದು ತಿದ್ದಿದೆ. ಇಲ್ಲದ್ದನ್ನು ಹೇಳಿಸಿಕೊಳ್ಳುವುದು ನನಗೆ ಹಿಡಿಸದು.

"ಕಾಲು ಮರಗಟ್ಟಿದ್ರೆ ಮೇಲಕ್ಕೆ ಹೇಗೆ ಹತ್ತಿದೆ?" ಎಂದಳು ತಂಗಿ, ತಟ್ಟೆಯಿಂದ ಕಣ್ಣೆತ್ತದೆ.

ಟಾಯ್ಲೆಟ್ಟಿನಲ್ಲಿ ಉಳಿದವಳು ಅವಳ ತರಗತಿಯವಳಂತೆ.

"ಅನ್ನ ಚೆಲ್ತಿದೀಯ, ನೋಡ್ಕೊಂಡು ತಿನ್ನು" ಎಂದೆ.

ಡಿಸೆಂಬರ್ ೨, ಸೋಮವಾರ

ವಾಂತಿಯ ಮಾತನ್ನು ಯಾರೂ ಎತ್ತಲಿಲ್ಲ. ಗುಬ್ಬಿ ಮಾತ್ರ ನಿಂಬೆ ಪೆಪ್ಪರ್‌ಮಿಂಟು ತಂದುಕೊಟ್ಟು, "ಮುಂದಿನ ಸಲಕ್ಕೆ ಇಟ್ಕೋ" ಎಂದಳು. ಮುಂದಿನ ಸಲಕ್ಕೆ ಉಳಿಯಬಾರದೆಂದು ಅದನ್ನು ಅಲ್ಲೇ ಬಾಯಿಗೆ ಹಾಕಿಕೊಂಡೆ.

ಬಿಡುವಿನಲ್ಲಿ ಪಿ.ಟಿ. ಸರ್ ಕರೆದರು. "ಬೇಡ ಅಂದಿದ್ದೆಯಲ್ಲ, ಬೇರೆಯವರನ್ನ ಹಾಕಿದೀನಿ. ಒಂಬತ್ತನೇ ಕ್ಲಾಸಿನ ಹುಡುಗಿ. ಇನ್ನು ನೀನು ಆರಾಮಾಗಿ ಓದ್ಕೋ."

"ಥ್ಯಾಂಕ್ಸ್ ಸರ್" ಎಂದೆ. ನಾನು ಬೇಡಿದ್ದು ಕೊನೆಗೂ ಸಿಕ್ಕಿತು. ಎಷ್ಟೋ ದಿನಗಳ ನಂತರ ಇಂದು ಗಂಟೆ ಹೊಡೆದಾಗ ಬೆಂಚನ್ನು ಹಿಡಿಯಬೇಕಾಗಿರಲಿಲ್ಲ. ಆದರೂ ಹಿಡಿದೆ, ರೂಢಿಯಿಂದ.

ಡಿಸೆಂಬರ್ ೫, ಗುರುವಾರ

ಇಂದು ಡ್ರಿಲ್ ಇತ್ತು. ಈ ಸಲ ದಿನವನ್ನು ಮೊದಲೇ ತಿಳಿಸಿದ್ದರು. ಮಕ್ಕಳು ಇನ್ನೂ ಬೆದರಿಕೊಂಡಿರುವುದರಿಂದ ಹೆಡ್‌ಮಿಸ್ ಹಾಗೆ ಮಾಡಿಸಿದರಂತೆ.

ಗಂಟೆಗೆ ಮೊದಲು ನೀರು ಕುಡಿಯಲು ಕಾರಿಡಾರಿಗೆ ಬಂದಾಗ ತಿರುವಿನಲ್ಲಿ ಹೊಸ ಹುಡುಗಿ ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು. ನನ್ನನ್ನು ಕಂಡು, "ಅಕ್ಕ, ಎಲ್ಲಿ ನೋಡ್ಬೇಕು, ಮೇಲೋ ಕೆಳಗೋ?" ಎಂದು ಕೇಳಿದಳು. ಹೇಳಿಕೊಟ್ಟು ಹೋಗೋಣವೆಂದು ಅವಳ ಬಳಿ ನಿಂತೆ.

"ನಿಮಗೆ ಭಯ ಆಗಿರ್ಲಿಲ್ವಾ ಅಕ್ಕ?"

"ಆಗಿತ್ತು."

"ಈಗ?"

"ಈಗಲೂ ಆಗ್ತಿದೆ."

ಅವಳಿಗೆ ಇದರಿಂದ ಸ್ವಲ್ಪ ಸಮಾಧಾನವಾದಂತೆ ಕಂಡಿತು, ಏಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು. ನನ್ನ ತರಗತಿಯ ಸಾಲು ಆಗಲೇ ಕಾರಿಡಾರಿಗೆ ಬರುತ್ತಿತ್ತು. ನಾನು ಹೋಗಿ ಅದರಲ್ಲಿ ಸೇರಿಕೊಳ್ಳಬಹುದಿತ್ತು. ಹುಡುಗಿ ನನ್ನ ತೋಳನ್ನು ಹಿಡಿದಳು. ಮೇಲಿನಿಂದ ಕಾಲುಗಳ ಸದ್ದು ಆರಂಭವಾಯಿತು.

"ಮೇಲೆ ನೋಡು" ಎಂದೆ.